ಕೈ ಕಟ್ಟಿ ನಿಲ್ಲುವ ಪರೀಕ್ಷೆ

"ನನ್ನ ಮೇಷ್ಟ್ರ ಹತ್ರ ಹೋಗು ಅಂತ ನಿನಗೆ ಯಾರು ಹೇಳಿದ್ರು? ನಾನು ಹೇಳಿದ್ನಾ? ಕಾಲು ಹಿಡ್ಕೊಂಡು ಬೇಡ್ಕೊಂಡ್ನಾ?"

"ಮೆಲ್ಲಗೆ ಮಾತಾಡು. ಕೆಳಗೆ ಮನೆಯೊಡತಿ ಇದ್ದಾಳೆ."

"ಇರಲಿ ಬಿಡು! ನಮ್ಮ ಭಾಷೆ ಅವಳಿಗೆಲ್ಲಿ ಅರ್ಥ ಆಗುತ್ತೆ? ಆದ್ರೂ ಆಗಲಿ. ಮೂವತ್ತೊಂದು ವರ್ಷದ ಗಂಡಸಿಗೆ ಕತ್ತಲೆ ಕಂಡ್ರೆ ಭಯ ಅಂತ ಇಡೀ ಕ್ಲಾಸಿನ ಮುಂದೆ ಹೇಳಿ ಬಂದಿದ್ದೀಯಲ್ಲ, ಇನ್ನು ಮುಚ್ಚಿಡೋಕೆ ಏನಿದೆ?"

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಡಲಿಲ್ಲ. ಅವಳು ಉಜ್ಜುತ್ತಿದ್ದದ್ದು ತಮ್ಮನದೇ ಅಂಗಿ. ಕಾಲರಿನ ಮೂಲೆಗೆ ಪೆಟ್ಟಿಗೆಯ ಮೊನೆ ತೂರಿಸಿ ಒತ್ತಿದಳು. ಜಗಳ ಜಗಳದ ಪಾಡಿಗೆ, ಅಂಗಿ ಅಂಗಿಯ ಪಾಡಿಗೆ.

"ಇಡೀ ಕ್ಲಾಸಿನ ಮುಂದೆ ಹೇಳಲಿಲ್ಲ. ಮೇಷ್ಟ್ರನ್ನ ಪಕ್ಕಕ್ಕೆ ಕರೆದು ಹೇಳಿದೆ."

"ಪಕ್ಕ ಅಂದ್ರೆ ಎರಡು ಅಡಿ. ನಿನ್ನ ಗಂಟಲು ಎಂಥದ್ದು ಅಂತ ನಿನಗೆ ಗೊತ್ತಿಲ್ವಾ? ಆಸ್ಪತ್ರೆ ವಾರ್ಡಿನ ನಲವತ್ತು ಹಾಸಿಗೆಗೆ ಒಂದೇ ಸಲ ಕೇಳಿಸೋ ಗಂಟಲು ಅದು. ಮೇಷ್ಟ್ರು ಪಟ್ಟಿಯಿಂದ ನನ್ನ ಹೆಸರು ಹೊಡೆದು ಹಾಕಿದ್ರು. ಎಲ್ಲರೂ ಶಾಫ್ಟಿಗೆ ಇಳಿದ್ರು, ನಾನು ಮೇಲೆ ಸ್ಪ್ಯಾನರ್ ಒರೆಸ್ತಾ ಕೂತಿದ್ದೆ."

ಶಾಫ್ಟ್ ಎಂದರೆ ಲಿಫ್ಟು ಏರಿ ಇಳಿಯುವ ಕತ್ತಲೆ ಬಾವಿ. ಅಕ್ಕ ಅದನ್ನು ನೋಡಿರಲಿಲ್ಲ. ತಮ್ಮ ಒಂದು ದಿನ ಊಟ ಮಾಡುತ್ತ ಅದರ ಮಾತು ಎತ್ತಿದ್ದೇ ಅವಳಿಗೆ ಸಾಕಾಗಿತ್ತು.

"ಐದು ವರ್ಷದವನಿದ್ದಾಗ ಬಚ್ಚಲಿಗೆ ಹೋಗೋಕೂ ನನ್ನ ಸೆರಗು ಹಿಡ್ಕೋತಿದ್ದೆ. ಅಂಥವನನ್ನ ಆ ಬಾವಿಗೆ ಇಳಿಸಿ, ಏನಾದ್ರೂ ಆದ್ರೆ..."

"ಹನ್ನೊಂದು ಸಲ ಇಳಿದಿದ್ದೀನಿ ಕಣಕ್ಕಾ. ಹನ್ನೊಂದು ಸಲ!"

ಇಸ್ತ್ರಿಪೆಟ್ಟಿಗೆ ನಿಂತಿತು.

"ನನಗೆ ಹೇಳಲೇ ಇಲ್ಲ."

"ಹೇಳಿದ್ರೆ ಹನ್ನೆರಡನೇ ಸಲ ನೀನೂ ಹಿಂದೆ ಇಳೀತಿದ್ದೆ, ಟಾರ್ಚ್ ಹಿಡ್ಕೊಂಡು!"

ಅವನು ಕೋಟು ಎಳೆದುಕೊಂಡು, ದಡದಡ ಮೆಟ್ಟಿಲಿಳಿದು ಹೋದ. ಅಕ್ಕ ಅಂಗಿಯ ತೋಳನ್ನು ಮಡಚುತ್ತ ಕಿವಿಗೊಟ್ಟಳು. ಬೀದಿಬಾಗಿಲು ಹೊಡೆದುಕೊಂಡ ಸದ್ದು ಬರಬೇಕಿತ್ತು. ಬರಲಿಲ್ಲ. ಬದಲಿಗೆ ಹಿಡಿಯನ್ನು ಗಡಗಡ ಅಲ್ಲಾಡಿಸುವ ಸದ್ದು, ಆಮೇಲೆ ಒಂದು ಒದೆತ, ಆಮೇಲೆ ಇನ್ನೊಂದು.

ಆ ಬಾಗಿಲು ಥಂಡಿಗೆ ಉಬ್ಬಿ ಹೊಸ್ತಿಲಿಗೆ ಕಚ್ಚಿಕೊಂಡಿತ್ತು. ಹೊರಗಿನಿಂದ ಭುಜ ಕೊಟ್ಟು ನೂಕಿದರೆ ಯಾರಾದರೂ ಬರಬಹುದಿತ್ತು. ಒಳಗಿನಿಂದ ತೆಗೆಯಲು ಮಾತ್ರ ಉಪಾಯ ಬೇಕು: ಹಿಡಿಯನ್ನು ಮೇಲಕ್ಕೆ ಎತ್ತಬೇಕು, ಸೊಂಟದಿಂದ ಒಂದು ಗುದ್ದು ಕೊಡಬೇಕು, ಮರ ಸಡಿಲಾದ ಕ್ಷಣಕ್ಕೇ ಎಳೆಯಬೇಕು. ಅಕ್ಕನಿಗೆ ಇದು ಬಂದ ಮೊದಲನೇ ದಿನವೇ ಸಿಕ್ಕಿತ್ತು. ತಮ್ಮನಿಗೆ ಹತ್ತು ತಿಂಗಳಾದರೂ ಸಿಕ್ಕಿರಲಿಲ್ಲ. ದೇಶ ಬಿಟ್ಟು ದೇಶಕ್ಕೆ ಬಂದು ಲಿಫ್ಟ್ ರಿಪೇರಿ ಕಲಿಯುತ್ತಿರುವ ಮಹಾನುಭಾವ!

ಅವಳು ಮೂವತ್ತರವರೆಗೆ ಎಣಿಸಿದಳು. ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು, ಇಳಿದು ಹೋದಳು.

"ಹಿಡಿ ಮೇಲೆತ್ತು ಅಂತ ಎಷ್ಟು ಸಲ ಹೇಳಬೇಕು ನಿನಗೆ?"

"ಯಾವತ್ತು ಹೇಳಿದ್ದೀಯ? ಬೆಳಗಾದ್ರೆ ನೀನೇ ಮುಂದೆ ಬಂದು ತೆಗೀತೀಯ!"

"ಸರಿ ಆಕಡೆ."

ಅವನನ್ನು ಪಕ್ಕಕ್ಕೆ ನೂಕಿ, ಎತ್ತಿ, ಗುದ್ದಿ, ಎಳೆದಳು. ಬಾಗಿಲು ತೆರೆದುಕೊಂಡಿತು. ತಮ್ಮ ಮುಖ ಕೆಂಪಗೆ ಮಾಡಿಕೊಂಡು ಹೊರಟ. ಸಿಟ್ಟು ಮಾಡಿಕೊಂಡು ಮನೆಬಿಟ್ಟು ಹೋಗುವವನಿಗೂ ಬಾಗಿಲು ಅಕ್ಕನೇ ತೆಗೆದುಕೊಡಬೇಕು. ಸಂಜೆ ಊಟದ ಹೊತ್ತಿಗೆ ವಾಪಸು ಬಂದ. ಇಬ್ಬರೂ ತಟ್ಟೆ ನೋಡಿಕೊಂಡು ಉಂಡರು.

ಅಕ್ಕನಿಗೆ ಆ ವಾರ ತನ್ನ ಸಂಕಟವೇ ಬೇಕಾದಷ್ಟಿತ್ತು. ಊರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ನರ್ಸು, ಕೊನೆಯ ಒಂಬತ್ತು ವರ್ಷ ಹೆಡ್ ಸಿಸ್ಟರ್. ಲಕ್ವ ಹೊಡೆದವರನ್ನು ಮತ್ತೆ ಓಡಾಡಿಸುವ ಶುಶ್ರೂಷೆ ಕಲಿಯಲು ಒಂದು ವರ್ಷದ ಕೋರ್ಸಿಗೆ ಬಂದಿದ್ದಳು. ನಲವತ್ತಮೂರನೇ ವಯಸ್ಸಿಗೆ ಮತ್ತೆ ಬೆಂಚಿನ ಮೇಲೆ. ತಮ್ಮ ಅವಳಿಗಿಂತ ಒಂದು ವರ್ಷ ಮೊದಲೇ ಬಂದು ನಾಲ್ವರ ಜೊತೆ ಒಂದು ಕೋಣೆಯಲ್ಲಿದ್ದ. ಅವಳು ಬಂದವಳೇ ಈ ಎರಡು ಕೋಣೆ ಹಿಡಿದು, ಅವನ ಪೆಟ್ಟಿಗೆಯನ್ನು ತಾನೇ ಕಟ್ಟಿ ಕರೆತಂದಿದ್ದಳು. ಬರುತ್ತೀಯಾ ಎಂದು ಕೇಳಿದ್ದಳೋ ಇಲ್ಲವೋ ಈಗ ನೆನಪಿಲ್ಲ.

ಪಾಠದಲ್ಲಿ ಅವಳಿಗೆ ತೊಂದರೆಯಾಗಲಿಲ್ಲ. ನರಗಳ ಹೆಸರು, ಔಷಧಿಯ ಪ್ರಮಾಣ, ಎಲ್ಲದರಲ್ಲೂ ಮೊದಲಿಗಳು. ಫೇಲಾದದ್ದು ಅಂಗಿ ತೊಡಿಸುವ ಪರೀಕ್ಷೆಯಲ್ಲಿ. ತೊಡಿಸುವುದೂ ಅಲ್ಲ, ತೊಡುವುದನ್ನು ನೋಡುವ ಪರೀಕ್ಷೆ. ಬಲಗೈ ಬಿದ್ದುಹೋದ ರೋಗಿಯ ಮುಂದೆ ಆರು ಗುಂಡಿಯ ಒಂದು ಅಂಗಿ ಇಡುತ್ತಾರೆ. ರೋಗಿ ತಾನೇ ಹಾಕಿಕೊಳ್ಳಬೇಕು. ನರ್ಸು ಬಾಯಲ್ಲಿ ದಾರಿ ತೋರಿಸಬಹುದು, ಬೀಳುವಂತಾದರೆ ಹಿಡಿಯಬಹುದು. ಅಷ್ಟೇ. ಅವಳಿಗೆ ಸಿಕ್ಕಿದ್ದು ಒಬ್ಬ ಹಳೇ ಬಸ್ ಡ್ರೈವರ್, ಎಪ್ಪತ್ತರ ಅಜ್ಜ. ನಾಲ್ಕು ಗುಂಡಿ ಹಾಕುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಐದನೆಯದನ್ನು ಹಿಡಿದು ಅವನು ಒದ್ದಾಡುತ್ತಿದ್ದಾಗ ಅವಳ ಎರಡು ಕೈ ತಾವಾಗಿಯೇ ಮುಂದೆ ಹೋಗಿ ಟಪ್ ಟಪ್ ಎಂದು ಐದು, ಆರು ಹಾಕಿಬಿಟ್ಟವು. ಅಜ್ಜ ಆ ಅಂಗಿಯನ್ನು ಒಂದೇ ಕೈಯಿಂದ ಕಿತ್ತು ನೆಲಕ್ಕೆ ಎಸೆದ. ಪರೀಕ್ಷಕಿ ಹಾಳೆಯ ಮೇಲೆ ಎರಡೇ ಪದ ಬರೆದಳು: 'ತಾನೇ ಹಾಕಿದಳು'.

ಆ ಪರೀಕ್ಷಕಿಗೆ ಮೂವತ್ತೂ ತುಂಬಿರಲಿಲ್ಲ. ಅಕ್ಕ ಅವಳ ಜೊತೆ ಅಲ್ಲೇ ಜಟಾಪಟಿಗೆ ಇಳಿದಿದ್ದಳು.

"ಮೇಡಂ, ನಮ್ಮ ವಾರ್ಡಿನಲ್ಲಿ ನಲವತ್ತು ಜನಕ್ಕೆ ಇಬ್ಬರು ಸಿಸ್ಟರ್. ಒಬ್ಬೊಬ್ಬರೂ ಅರ್ಧ ಗಂಟೆ ಗುಂಡಿ ಹಾಕ್ತಾ ಕೂತ್ರೆ ಡಾಕ್ಟರ್ ಬರೋ ಹೊತ್ತಿಗೆ ಎಲ್ಲರೂ ಬರಿಮೈಯಲ್ಲಿ ಇರ್ತಾರೆ."

"ಇಲ್ಲಿ ನಿಮ್ಮ ಕೆಲಸ ಗುಂಡಿ ಹಾಕೋದಲ್ಲ ಸಿಸ್ಟರ್."

"ಮತ್ತೇನು?"

"ಅವರು ಹಾಕೋ ತನಕ ನಿಂತಿರೋದು."

"ಅದಕ್ಕೆ ಒಂದು ಕಂಬ ಸಾಕಲ್ಲ, ನಾನ್ಯಾಕೆ?"

ಮೇಡಂ ನಕ್ಕುಬಿಟ್ಟಳು. ಅದು ಇನ್ನೂ ಉರಿಸಿತು. ಮುಂದಿನ ಶುಕ್ರವಾರ ಇನ್ನೊಂದು ಅವಕಾಶ, ಅದೇ ಕೊನೆಯದು ಎಂದಳು. ಅದರಲ್ಲೂ ಹೋದರೆ ಸರ್ಟಿಫಿಕೇಟಿಲ್ಲದೆ ಊರಿಗೆ ಹೋಗಬೇಕು. ಹೋಗಿ ಏನೆಂದು ಹೇಳುವುದು? ಗುಂಡಿ ಹಾಕಿದ್ದಕ್ಕೆ ಫೇಲಾದೆ ಎಂದೇ?

ಭಾನುವಾರ ಬೆಳಿಗ್ಗೆ, ಮಾತು ಬಿಟ್ಟು ಮೂರು ದಿನವಾಗಿದ್ದ ತಮ್ಮನ ಮುಂದೆ ಅವಳು ಒಂದು ಅಂಗಿ ತಂದಿಟ್ಟಳು.

"ರೋಗಿ ಆಗು."

"ಏನು?"

ಅವಳು ಡ್ರೈವರ್ ಅಜ್ಜನ ಕತೆಯನ್ನು ನಾಲ್ಕು ಮಾತಿನಲ್ಲಿ ಹೇಳಿದಳು. "ಪ್ರಾಕ್ಟೀಸ್ ಮಾಡಬೇಕು. ಬಲಗೈ ಇಲ್ಲ ಅಂದ್ಕೋ. ನೀನು ಅಂಗಿ ಹಾಕ್ಕೋ, ನಾನು ನೋಡ್ತೀನಿ."

"ನಿನ್ನ ಕೈಲಿ ನೋಡ್ತಾ ಇರೋಕಾಗುತ್ತಾ?" ತಮ್ಮನ ಮೀಸೆಯ ತುದಿ ಅಲುಗಿತು. "ಸರಿ. ಕಟ್ಟು ಕೈ."

ಅವಳು ತನ್ನ ಶಾಲಿನಿಂದ ಅವನ ಬಲಗೈಯನ್ನು ಎದೆಗೆ ಕಟ್ಟಿದಳು. ಅವನು ಕುರ್ಚಿಯಲ್ಲಿ ಕೂತ. ಅಕ್ಕ ಮೂರು ಅಡಿ ದೂರ ನಿಂತು ಕೈ ಕಟ್ಟಿಕೊಂಡಳು.

"ಮೊದಲು ಸತ್ತ ಕೈ ಕಡೆ ಭುಜಕ್ಕೆ ಹಾಕ್ಕೋ. ಅದಲ್ಲ, ಅದು ಎಡತೋಳು. ತಿರುಗಿಸು. ಅಯ್ಯೋ, ಕಾಲರ್ ಮೇಲೆ ಬರಲಿ. ಹಾಗಲ್ಲ ಹಾಗಲ್ಲ, ತೊಡೆ ಮೇಲೆ ಹರಡ್ಕೋ ಮೊದಲು..."

"ರೋಗಿಗೆ ತಲೆನೋವು ಬಂತು ಸಿಸ್ಟರ್."

"ತಮಾಷೆ ಬೇಡ."

"ಪರೀಕ್ಷೇಲಿ ಇಷ್ಟೆಲ್ಲ ಮಾತಾಡಬಹುದಾ?"

"ಮಾತಾಡಬಹುದು."

"ಪಾಪ ಆ ಡ್ರೈವರ್. ಅದಕ್ಕೇ ಅಂಗಿ ಎಸೆದಿದ್ದಾನೆ."

ಅಕ್ಕ ತುಟಿ ಕಚ್ಚಿದಳು. ಸುಮ್ಮನಾದ ಮೇಲೆಯೇ ಅವಳಿಗೆ ಕಂಡದ್ದು. ಅವನ ಎಡಗೈ ತಡವರಿಸುತ್ತಿರಲಿಲ್ಲ. ಅಂಗಿಯ ಅಂಚನ್ನು ಗದ್ದದ ಕೆಳಗೆ ಒತ್ತಿಹಿಡಿದು, ಹೆಬ್ಬೆರಳಿನಿಂದ ಗುಂಡಿಯನ್ನು ಓರೆಮಾಡಿ, ತೋರುಬೆರಳಿನಿಂದ ತೂತನ್ನು ಅದರ ಮೇಲೆ ಎಳೆಯುತ್ತಿದ್ದ. ಕೆಳಗಿನಿಂದ ಮೇಲಕ್ಕೆ, ಒಂದಾದ ಮೇಲೆ ಒಂದು. ನಾಲ್ಕು ನಿಮಿಷಕ್ಕೆ ಆರೂ ಮುಗಿದವು. ಅವಳ ಪುಸ್ತಕದಲ್ಲೂ ಹೀಗೇ ಬರೆದಿತ್ತು, ಕೆಳಗಿನಿಂದ ಶುರುಮಾಡಬೇಕು ಎಂದು.

"ಇದನ್ನ ಎಲ್ಲಿ ಕಲಿತೆ?"

"ಇಲ್ಲೇ. ಮೊದಲನೇ ವರ್ಷ. ಮಣಿಕಟ್ಟು ಮುರಿದಿತ್ತು."

"ಯಾರದು?"

"ಯಾರದು ಅಂದ್ರೆ? ನಂದೇ. ಆರು ವಾರ ಪ್ಲಾಸ್ಟರ್. ವರ್ಕ್‌ಶಾಪಿನಲ್ಲಿ ಜಾರಿ ಬಿದ್ದಿದ್ದೆ."

ಆ ವರ್ಷ ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡಿದ್ದರು. ಊಟ ಮಾಡಿದೆಯಾ, ಎಣ್ಣೆ ಹಚ್ಚಿಕೊಂಡೆಯಾ, ಬೆಚ್ಚಗೆ ಹೊದ್ದುಕೋ. ಎಲ್ಲ ಕೇಳಿದ್ದಳು. ಎಲ್ಲಕ್ಕೂ ಅವನು ಹೂಂ ಎಂದಿದ್ದ.

"ಸ್ನಾನ?"

"ಮಾಡ್ತಿದ್ದೆ."

"ಅಡುಗೆ?"

"ಮಾಡ್ತಿದ್ದೆ ಅಕ್ಕಾ. ಬಟ್ಟೆ ಒಗೀತಿದ್ದೆ, ಗಡ್ಡ ಕೆರೀತಿದ್ದೆ, ಶೂ ದಾರಾನೂ ಕಟ್ಟಿಕೊಳ್ತಿದ್ದೆ. ನೀನು ಬಂದ್ಮೇಲೆ ಎಲ್ಲ ಮರ್ತುಹೋಯ್ತು."

ನಗೆಯಾಡುತ್ತಲೇ ಹೇಳಿದ. ಶಾಲನ್ನು ಬಿಚ್ಚಿ, ಮಡಚದೆ ಕುರ್ಚಿಯ ಮೇಲೆ ಹಾಕಿ ಎದ್ದುಹೋದ. ಅಕ್ಕ ಶಾಲನ್ನು ಮಡಚಿದಳು. ಅವಳಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಹೆತ್ತವಳು ಕಣ್ಣು ಮುಚ್ಚಿದಾಗ ಇವನಿಗೆ ಐದು ವರ್ಷ, ತನಗೆ ಹದಿನೇಳು. ಅಂದಿನಿಂದ ಇವನ ಗುಂಡಿ ಹಾಕುತ್ತ ಹಾಕುತ್ತ ತನ್ನದೇನೂ ನೋಡಿಕೊಳ್ಳಲಿಲ್ಲ. ಮದುವೆಗೆ ಕೇಳಿಬಂದವರಿಗೆಲ್ಲ ಪುರಸೊತ್ತಿಲ್ಲ ಎಂದಳು. ಈಗ ಇವನು ಹೇಳುತ್ತಾನೆ, ನೀನು ಬಂದ ಮೇಲೆ ಮರೆತುಹೋಯಿತು!

ಅದೇ ಮಧ್ಯಾಹ್ನ ಊರಿನ ವಾರ್ಡಿನಿಂದ ಫೋನು ಬಂತು. ಹೊಸದಾಗಿ ಹೆಡ್ ಆದವಳು.

"ಸಿಸ್ಟರ್, ಬೇಜಾರು ಮಾಡ್ಕೋಬೇಡಿ. ಆ ಹಿಂದಿನ ಬೀರುವಿನ ಕೀ ಎಲ್ಲಿಟ್ಟಿದ್ದೀರಿ? ನಾಳೆ ತಪಾಸಣೆ ಇದೆ. ಹುಡುಕಿ ಹುಡುಕಿ ಸಾಕಾಯ್ತು."

"ಹತ್ತಿ ಇಡೋ ಡಬ್ಬಿ ಇದೆಯಲ್ಲ, ಅದರೊಳಗೆ ಒಂದು ಚಿಕ್ಕ ಡಬ್ಬಿ. ಅದರಲ್ಲಿ ಸೂಜಿಯ ಖಾಲಿ ಪೊಟ್ಟಣ. ಅದರೊಳಗಿದೆ."

"ಅಯ್ಯಪ್ಪಾ! ಅಲ್ಲಿದ್ರೆ ಯಾರಿಗೆ ಸಿಗುತ್ತೆ ಹೇಳಿ? ನೀವಿಲ್ಲದೆ ಇಲ್ಲಿ ಏನೂ ನಡೆಯಲ್ಲ ಸಿಸ್ಟರ್."

ಈ ಕೊನೆಯ ಮಾತನ್ನು ಕೇಳಲು ಅವಳು ಹತ್ತು ತಿಂಗಳಿನಿಂದ ಪ್ರತಿ ಫೋನನ್ನೂ ಎರಡನೇ ರಿಂಗಿಗೇ ಎತ್ತಿದ್ದಳು. ಇವತ್ತು ಅದು ಕಿವಿಯಲ್ಲಿ ನಿಲ್ಲಲಿಲ್ಲ. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಪೊಟ್ಟಣ. ಕಳ್ಳರ ಭಯಕ್ಕೆ ಇಟ್ಟೆ ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಆ ಬೀರುವಿನಲ್ಲಿ ಇದ್ದದ್ದು ಹಳೆಯ ಹೊದಿಕೆಗಳು. ಯಾವ ಕಳ್ಳ ಬರುತ್ತಾನೆ ಅದಕ್ಕೆ? ಬೇರೆ ಯಾರಿಗೂ ಸಿಗದಿರಲಿ ಎಂದೇ ಇಟ್ಟವಳು ಅವಳು. ಇದು ಹೊಳೆದಾಗ ಅವಳು ಯಾರ ಮೇಲೆ ರೇಗಬೇಕೋ ತಿಳಿಯದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಶುಕ್ರವಾರ ಒಂಬತ್ತಕ್ಕೆ ಅದೇ ಕೋಣೆ. ಒಂದು ಕುರ್ಚಿ, ಒಂದು ಮಂಚ, ಗೋಡೆಗೆ ಕನ್ನಡಿ, ಎದುರಿಗೆ ಗಡಿಯಾರ. ಮೇಡಂ ಮೂಲೆಯಲ್ಲಿ ಹಾಳೆ ಹಿಡಿದು ಕೂತಿದ್ದಳು. ಕುರ್ಚಿಯಲ್ಲಿ ಅದೇ ಡ್ರೈವರ್ ಅಜ್ಜ, ಬನಿಯನ್ನಿನಲ್ಲಿ.

"ಮತ್ತೆ ನೀವೇ ಬಂದ್ರಾ?" ಎಂದ.

"ಮತ್ತೆ ನಾನೇ."

"ಇವತ್ತು ಕೈ ಎಲ್ಲಿಡ್ತೀರಿ?"

"ಹಿಂದೆ," ಎಂದು ಅಕ್ಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿದಳು. "ಶುರು ಮಾಡಿ. ಎಲ್ಲಿಂದ ಅಂತ ನಿಮಗೆ ಗೊತ್ತು. ಬೇಕಾದ್ರೆ ಕೇಳಿ."

ಅಜ್ಜ ಬಿದ್ದ ಕೈಯನ್ನು ಎತ್ತಿ ತೋಳಿನೊಳಗೆ ಬಿಟ್ಟ. ಅದು ಒದ್ದೆ ಬಟ್ಟೆಯ ಹಾಗೆ ಜಾರಿ ಹೊರಬಂತು. ಮತ್ತೆ ಬಿಟ್ಟ. ಮತ್ತೆ ಜಾರಿತು. ನಾಲ್ಕನೇ ಸಲಕ್ಕೆ ಬೆರಳುಗಳು ಹೊರಗೆ ಕಂಡವು. ಗಡಿಯಾರದಲ್ಲಿ ಒಂಬತ್ತೂಹತ್ತು. ಬೆನ್ನ ಮೇಲಿನಿಂದ ಅಂಗಿಯನ್ನು ಸುತ್ತಿ ತರಲು ಇನ್ನೂ ಎಂಟು ನಿಮಿಷ. ಅಕ್ಕನ ಬೆನ್ನ ಹಿಂದೆ ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಕಳ್ಳನನ್ನು ಹಿಡಿದ ಹಾಗೆ ಹಿಡಿದಿತ್ತು. ಅವಳ ಬಾಯಿಯಲ್ಲಿ ಹತ್ತು ಮಾತು ಬಂದು ನಿಂತವು. ಹತ್ತನ್ನೂ ನುಂಗಿದಳು. ಸುಮ್ಮನೆ ನಿಲ್ಲುವುದು ಇಷ್ಟು ಬೆವರು ಸುರಿಸುವ ಕೆಲಸ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಕೆಳಗಿನ ಗುಂಡಿಯಿಂದ ಶುರು ಮಾಡಿದ. ಮೊದಲನೆಯದು ಸರಿಯಾಗಿ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದಕ್ಕೆ ಒಂದು ತೂತು ಬಿಟ್ಟು ಮೇಲಿನದಕ್ಕೆ ಕೈ ಹಾಕಿದ. ಅಕ್ಕನ ಗಂಟಲಿನಿಂದ ಒಂದು ಸದ್ದು ಹೊರಟಿತು. ಅಜ್ಜ ತಲೆ ಎತ್ತಿ ನೋಡಿದ. ಅವಳು ಕೆಮ್ಮಿದಳು. ಅವನು ಹಾಗೇ ಮುಂದುವರಿಸಿದ. ನಾಲ್ಕು, ಐದು, ಎಲ್ಲವೂ ಒಂದೊಂದು ತೂತು ಮೇಲೆ. ಕೊನೆಗೆ ಕುತ್ತಿಗೆಯ ಹತ್ತಿರ ಒಂದು ಗುಂಡಿ ತೂತಿಲ್ಲದೆ ಉಳಿಯಿತು. ಅಂಗಿಯ ಒಂದು ಅಂಚು ಮೇಲೆ, ಒಂದು ಕೆಳಗೆ. ಒಂಬತ್ತೂ ನಲವತ್ತೊಂದು.

"ಮುಗೀತಾ?" ಮೇಡಂ ಕೇಳಿದಳು.

ಅಜ್ಜ ಕನ್ನಡಿಯಲ್ಲಿ ನೋಡಿಕೊಂಡ. "ಸೊಟ್ಟ ಆಗಿದೆ. ಗೊತ್ತು. ಇವತ್ತಿಗೆ ಸಾಕು, ನಾಳೆ ನೋಡ್ಕೋತೀನಿ." ಅಕ್ಕನ ಕಡೆ ತಿರುಗಿದ. "ನಲವತ್ತು ವರ್ಷ ಬಸ್ ಓಡಿಸಿದೆ. ಒಬ್ಬರನ್ನೂ ಸ್ಟೇರಿಂಗ್ ಮುಟ್ಟೋಕೆ ಬಿಟ್ಟಿಲ್ಲ. ನೀವ್ಯಾಕಮ್ಮಾ ಅಳ್ತಿದ್ದೀರಿ?"

"ಅಳ್ತಿಲ್ಲ. ಕೋಪ ಬಂದಿದೆ."

"ಯಾರ ಮೇಲೆ?"

"ಆ ಗುಂಡಿ ಮೇಲೆ."

ಅಜ್ಜ ಕುರ್ಚಿ ಅಲುಗುವಂತೆ ನಕ್ಕ. ಮೇಡಂ ಹಾಳೆಯ ಮೇಲೆ ಸಹಿ ಹಾಕಿ ಅಕ್ಕನ ಕೈಗೆ ಕೊಟ್ಟಳು. ಕೈ ಚಾಚಿದಾಗ ಅಕ್ಕನ ಮಣಿಕಟ್ಟಿನ ಮೇಲೆ ಅವಳದೇ ಉಗುರಿನ ನಾಲ್ಕು ಗುರುತು ಕಂಡವು.

ಮನೆಗೆ ಬಂದಾಗ ಮಧ್ಯಾಹ್ನ. ತಮ್ಮ ಶಾಲೆಯಲ್ಲಿರಬೇಕಾದ ಹೊತ್ತು. ಅವನು ಕೋಣೆಯ ನಡುವೆ ಪೆಟ್ಟಿಗೆಯ ಮೇಲೆ ಮಂಡಿಯೂರಿ ಜಿಪ್ ಎಳೆಯುತ್ತಿದ್ದ.

"ಇದೇನು?"

"ಮೇಷ್ಟ್ರ ಹತ್ರ ನಾನೇ ಹೋಗಿ ಮಾತಾಡಿದೆ. ಪಟ್ಟಿಯಲ್ಲಿ ಹೆಸರು ಮತ್ತೆ ಹಾಕಿದ್ರು. ಸೋಮವಾರ ಇಳೀಬೇಕು."

"ಅದಕ್ಕೆ ಪೆಟ್ಟಿಗೆ ಯಾಕೆ?"

"ಶಾಲೆ ಹತ್ರ ಕೋಣೆ ಸಿಕ್ಕಿದೆ. ಹಳೇ ಸ್ನೇಹಿತರು."

"ನನ್ನನ್ನ ಒಂದು ಮಾತು ಕೇಳಲಿಲ್ಲ!"

"ಕೇಳಿದ್ರೆ ನೀನೇ ಬಂದು ಕೋಣೆ ಗುಡಿಸಿ, ಪರದೆ ಕಟ್ಟಿ ಹೋಗ್ತಿದ್ದೆ."

"ಹೋಗು ಹಾಗಾದ್ರೆ! ಹೋಗು! ಯಾರು ತಡೆದ್ರು? ಇಪ್ಪತ್ತಾರು ವರ್ಷ ಸಾಕಿದ್ದಕ್ಕೆ..." ಎಂದವಳು ಅಲ್ಲೇ ತಡೆದಳು. ಆ ವಾಕ್ಯ ಎಲ್ಲಿಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ನೂರು ಸಲ ಅಲ್ಲಿಗೆ ಹೋಗಿ ಬಂದಿದ್ದರು.

ಪೆಟ್ಟಿಗೆಯ ಬಾಯಿ ಇನ್ನೂ ಒಂದು ಗೇಣು ತೆರೆದಿತ್ತು. ಅವಳು ಉಜ್ಜಿದ ಅಂಗಿಗಳು ಉಂಡೆಯಾಗಿದ್ದವು. ಅವುಗಳ ಮೇಲೆ ಶೂ. ಶೂ ಮೇಲೆ ಒದ್ದೆ ಟವೆಲ್. ಒದ್ದೆ ಟವೆಲ್!

"ಟವೆಲ್ ಒದ್ದೆ ಇದೆ."

"ಗೊತ್ತು."

ಅಕ್ಕ ಗೋಡೆಗೆ ಒರಗಿ ನಿಂತು ಕೈಗಳನ್ನು ಬೆನ್ನ ಹಿಂದೆ ಹಾಕಿಕೊಂಡಳು. ತಮ್ಮ ಅದನ್ನು ಗಮನಿಸಿದ. ಜಿಪ್ಪಿನ ಮೇಲಿನ ಕೈ ಒಂದು ಗಳಿಗೆ ನಿಂತಿತು.

"ಪರೀಕ್ಷೆ ಏನಾಯ್ತು?"

"ಪಾಸು."

"ನಿಜ? ಕೈ ಹಾಕಲಿಲ್ವಾ?"

"ಇಲ್ಲ."

"ಒಂದು ಗುಂಡೀನೂ?"

"ಒಂದೂ ಇಲ್ಲ ಅಂದೆನಲ್ಲ. ಸೊಟ್ಟ ಹಾಕ್ಕೊಂಡ ಮುದುಕ. ಹಾಗೇ ಬಿಟ್ಟು ಬಂದೆ."

"ಅಬ್ಬಾ," ಎಂದ ತಮ್ಮ. ಎದ್ದು ನಿಂತು ಅವಳನ್ನು ನೋಡಿದ. ಏನೋ ಹೇಳುತ್ತಾನೆ ಎಂದುಕೊಂಡಳು. ಅವನು ಬಗ್ಗಿ ಜಿಪ್ ಎಳೆದು ಮುಚ್ಚಿ, ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ. "ಬರ್ತೀನಿ ಅಕ್ಕಾ."

"ಭಾನುವಾರ ಊಟಕ್ಕೆ ಬರ್ತೀಯಾ?"

"ನೋಡೋಣ."

ಪೆಟ್ಟಿಗೆ ಪ್ರತಿ ಮೆಟ್ಟಿಲಿಗೂ ದಡ್ ದಡ್ ಎಂದು ಬಡಿಯುತ್ತ ಇಳಿಯಿತು. ಎತ್ತಿ ಹಿಡಿ ಎಂದು ಹೇಳಲು ಬಾಯಿ ತೆರೆದು ಮುಚ್ಚಿದಳು. ಅವನು ಕೆಳಗೆ ಮುಟ್ಟಿದ. ಹಿಡಿ ಗಡಗಡ ಅಲುಗಾಡಿತು.

ಅಕ್ಕ ಮೆಟ್ಟಿಲ ತುದಿಗೆ ಬಂದಳು. ಅಲ್ಲಿಂದ ತಿರುವಿನ ಕೆಳಗೆ ಅವನ ಬೂಟು ಮತ್ತು ಪೆಟ್ಟಿಗೆಯ ಮೂಲೆ ಮಾತ್ರ ಕಾಣುತ್ತಿತ್ತು. ಒಂದು ಒದೆತ. ಹಿಡಿ ಮತ್ತೆ ಅಲುಗಿತು. ಅವನು ಏನೋ ಬೈದ, ಬಾಗಿಲನ್ನೋ ತನ್ನನ್ನೋ. ಇಳಿದರೆ ಹದಿನಾಲ್ಕು ಮೆಟ್ಟಿಲು, ಅರ್ಧ ನಿಮಿಷದ ಕೆಲಸ. ಎತ್ತಬೇಕು, ಗುದ್ದಬೇಕು, ಎಳೆಯಬೇಕು. ಅವಳು ಮೇಲಿನ ಮೆಟ್ಟಿಲ ಮೇಲೆ ಕೂತಳು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟು, ಅದರ ಮೇಲೆ ಮೈಭಾರ ಬಿಟ್ಟಳು.

ಕೆಳಗೆ ಸದ್ದು ನಿಂತಿತು. ಬೂಟುಗಳು ಒಂದು ಹೆಜ್ಜೆ ಹಿಂದೆ ಸರಿದವು. ಅವನು ಅವಳನ್ನು ಕೂಗಬಹುದಿತ್ತು, ಕೂಗಲಿಲ್ಲ. ಹಿಡಿ ಮೇಲಕ್ಕೆ ಎದ್ದ ಕಟಕ್ ಸದ್ದು ಬಂತು. ಆಮೇಲೆ ಮರಕ್ಕೆ ಮೈ ತಾಗಿದ ಮೆತ್ತನೆಯ ಒಂದು ಗುದ್ದು ಕೇಳಿಸಿತು. ಕಿರ್ ಎಂದಿತು. ತಣ್ಣನೆಯ ಗಾಳಿ ಮೆಟ್ಟಿಲ ಮೇಲೆ ಹತ್ತಿ ಬಂದು ಅವಳ ಪಾದಕ್ಕೆ ತಾಗಿತು. ಪೆಟ್ಟಿಗೆಯ ಚಕ್ರಗಳು ಹೊಸ್ತಿಲು ದಾಟಿದವು. ಬಾಗಿಲು ಮುಚ್ಚಿಕೊಂಡಿತು.

ಚಕ್ರಗಳ ಸದ್ದು ಬೀದಿಯ ತಿರುವಿನವರೆಗೆ ಕೇಳುತ್ತಿತ್ತು, ಆಮೇಲೆ ಕೇಳಲಿಲ್ಲ. ಅಕ್ಕ ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ತೊಡೆಯ ಕೆಳಗೆ ಎರಡು ಕೈಗಳೂ ಜೋಮು ಹಿಡಿದಿದ್ದವು.